ಹದಿನಾರು ಸಾಲಿನ ಬೋರ್ಡಿನಲ್ಲಿ ಕನ್ನಡ



ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಲ್ಲಿಯ ಹಣ್ಣಿನ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗೆ ಬಣ್ಣದ ಎಲ್‌ಇಡಿ ಬೋರ್ಡು ಹಾಕಿಸಬೇಕೆಂದು ಕಲಬುರಗಿಗೆ ಬಂದರು ಎಂದು ಇಟ್ಟುಕೊಳ್ಳೋಣ. ಅವರ ಮೊದಲ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು: “ಬೋರ್ಡಿಗಿ ಎಷ್ಟ್ ರೊಕ್ಕ ಆಗ್ತದ್ರಿ?” ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. “ಇದರಾಗ ‘ಹಣ್ಣು’ ಅಂತ ಬರೀಲಿಕ್ಕೆ ಬರ್ತದೇನ್ರಿ?”

ಕೇಳಿದರೆ ನಗು ಬರಬಹುದು. ಆದರೆ ಇಂದಿನ ಮಾತೆಲ್ಲ ಇರುವುದು ಈ ಪ್ರಶ್ನೆಯಲ್ಲಿಯೇ.

ಪೇಟೆಯಲ್ಲಿ ಅಂಗಡಿಗಳ ಮುಂದೆ ಓಡುವ ಕೆಂಪು ಅಕ್ಷರಗಳ ಬೋರ್ಡುಗಳು ಬಹುಪಾಲು ಪಿ-10 ಎಂಬ ಮಾಡ್ಯೂಲಿನಿಂದ ಕಟ್ಟಿದವು. ಒಂದು ಚುಕ್ಕಿಗೂ ಇನ್ನೊಂದು ಚುಕ್ಕಿಗೂ ನಡುವೆ 10 ಮಿಲಿಮೀಟರ್ ಅಂತರ ಇರುವುದರಿಂದ ಈ ಹೆಸರು. ಒಂದು ಮಾಡ್ಯೂಲಿನಲ್ಲಿ ಅಡ್ಡಕ್ಕೆ 32, ಎತ್ತರಕ್ಕೆ 16 ಚುಕ್ಕಿಗಳು. ಕಡಿಮೆ ಖರ್ಚಿನ ಬೋರ್ಡೆಂದರೆ ಇಂಥ ಮಾಡ್ಯೂಲುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ್ದು. ಅಂದರೆ ಬರೆಯಲು ಸಿಗುವುದು 16 ಸಾಲು ಮಾತ್ರ.

ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಗಲ 5, ಎತ್ತರ 7 ಚುಕ್ಕಿ ಇದ್ದರೆ ಸಾಕು. 16 ಸಾಲಿನಲ್ಲಿ ಅದು ಎರಡು ಸಾಲಾಗಿ ಕುಳಿತುಕೊಳ್ಳುತ್ತದೆ. ಕನ್ನಡದ ಅಕ್ಷರಕ್ಕೆ ಮೂರು ಅಂತಸ್ತುಗಳಿವೆ. ಮೇಲೆ ತಲಕಟ್ಟು, ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಮೂರನ್ನೂ 16 ಸಾಲಿಗೆ ತುರುಕಿದಾಗ ಒತ್ತಕ್ಷರದ ಪಾಲಿಗೆ ಬರುವುದು ನಾಲ್ಕೈದು ಚುಕ್ಕಿಗಳ ಎತ್ತರ. ಅಷ್ಟರಲ್ಲಿ ‘ಣ’ದ ಒತ್ತು ಯಾವುದು, ‘ನ’ದ ಒತ್ತು ಯಾವುದು ಎಂದು ಗುರುತಿಸುವುದು ಕಷ್ಟ.

ಕಲಬುರಗಿ ಜಿಲ್ಲೆಯ ತಾಲ್ಲೂಕುಗಳ ಹೆಸರನ್ನೇ ತೆಗೆದುಕೊಂಡು ನೋಡಿ. ಕಲಬುರಗಿ, ಕಮಲಾಪುರ, ಆಳಂದ, ಅಫಜಲಪುರ, ಸೇಡಂ, ಚಿಂಚೋಳಿ, ಕಾಳಗಿ, ಶಹಾಬಾದ. ಇವುಗಳಲ್ಲಿ ಒತ್ತಕ್ಷರವೇ ಇಲ್ಲ. 16 ಸಾಲಿನ ಬೋರ್ಡಿನಲ್ಲಿ ಇವು ಸಲೀಸಾಗಿ ಕೂರುತ್ತವೆ. ಜೇವರ್ಗಿಯ ಅರ್ಕಾವತ್ತು ಕೆಳಗಿಳಿಯುವುದಿಲ್ಲ, ಪಕ್ಕದಲ್ಲಿ ಜಾಗ ಕೇಳುತ್ತದೆ. ತೊಡಕು ಬರುವುದು ಚಿತ್ತಾಪುರ, ಯಡ್ರಾಮಿಗಳಲ್ಲಿ. ಇನ್ನು ‘ಶ್ರೀ ಶರಣಬಸವೇಶ್ವರ’ ಎಂದು ಬರೆಯಹೊರಟರೆ ಮೊದಲಿಗೂ ಕೊನೆಗೂ ಒತ್ತು. ‘ರಾಷ್ಟ್ರಕೂಟ’ ಎಂದರಂತೂ ಒಂದೇ ಅಕ್ಷರಕ್ಕೆ ಎರಡು ಒತ್ತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಆ ರಾಜರ ಆಸ್ಥಾನದಲ್ಲಿ. ಅದೇ ನೆಲದಲ್ಲಿ ಅವರ ಹೆಸರು ಬರೆಯಲು ಬೋರ್ಡಿನಲ್ಲಿ ಜಾಗವಿಲ್ಲ ಎಂದರೆ ಹೇಗೆ?

ಹಾಗಾದರೆ ಎಷ್ಟು ಸಾಲು ಬೇಕು? ಉತ್ತರ ಸಿಗುವುದು ಯಾರೂ ನಿರೀಕ್ಷಿಸದ ಒಂದು ಕಡೆ, ಅಮೆರಿಕದ ಪಿನ್‌ಬಾಲ್ ಆಟದ ಯಂತ್ರದಲ್ಲಿ. ಇಳಿಜಾರಾದ ಗಾಜಿನ ಪೆಟ್ಟಿಗೆಯೊಳಗೆ ಉಕ್ಕಿನ ಗುಂಡನ್ನು ಸ್ಪ್ರಿಂಗಿನಿಂದ ಚಿಮ್ಮಿಸಿ, ಅದು ಕೆಳಗೆ ಬೀಳದಂತೆ ಎರಡು ರೆಕ್ಕೆಗಳಿಂದ ತಟ್ಟುತ್ತ ಅಂಕ ಗಳಿಸುವ ಆಟ ಅದು. 1991ರ ಹೊತ್ತಿಗೆ ಆ ಯಂತ್ರಗಳಲ್ಲಿ ಅಂಕ ತೋರಿಸಲು ಕಿತ್ತಳೆ ಬಣ್ಣದ ಚುಕ್ಕಿಗಳ ಪರದೆ ಬಂತು. ಅಡ್ಡಕ್ಕೆ 128, ಎತ್ತರಕ್ಕೆ 32 ಚುಕ್ಕಿ, ಒಟ್ಟು 4096. ಒಳಗೆ ಅನಿಲ ತುಂಬಿದ, ಹೆಚ್ಚು ವೋಲ್ಟೇಜು ಬೇಡುವ ಆ ಪರದೆಗಳು ಹಳತಾಗಿ ಕೆಟ್ಟಾಗ ಹವ್ಯಾಸಿಗಳು ಅವುಗಳ ಜಾಗದಲ್ಲಿ ಬಣ್ಣದ ಎಲ್‌ಇಡಿ ಪರದೆ ಕೂರಿಸತೊಡಗಿದರು. ಆಗ ಅವರಿಗೆ ಎದುರಾದ ಪ್ರಶ್ನೆಗಳು ಕಮಲಾಪುರದ ವ್ಯಾಪಾರಿಗೂ ಎದುರಾಗುವಂಥವೇ. ಚುಕ್ಕಿಗಳ ಅಂತರ ಎಷ್ಟು? ವಿದ್ಯುತ್ ಎಷ್ಟು? ಚಿತ್ರ ಕಳಿಸುವವರು ಯಾರು?

ಮೊದಲು ಅಂತರ. ನೋಡುವವನು ಎಷ್ಟು ಮೀಟರ್ ದೂರದಲ್ಲಿದ್ದಾನೋ ಚುಕ್ಕಿಗಳ ಅಂತರ ಅಷ್ಟು ಮಿಲಿಮೀಟರ್ ಮೀರಬಾರದು ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ಆಟಗಾರ ಪರದೆಯ ಹತ್ತಿರವೇ ನಿಲ್ಲುತ್ತಾನೆ. ಹೀಗಾಗಿ ಪಿನ್‌ಬಾಲಿನವರು ಪಿ-2.5 ಮಾಡ್ಯೂಲು ಎರಡನ್ನು ಜೋಡಿಸುತ್ತಾರೆ. ಪರದೆ 32 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಎತ್ತರ ಆಗುತ್ತದೆ. ಅದೇ 4096 ಚುಕ್ಕಿಗಳನ್ನು ಪಿ-10ರಲ್ಲಿ ಕಟ್ಟಿದರೆ ಅಡ್ಡಕ್ಕೆ ನಾಲ್ಕು, ಎತ್ತರಕ್ಕೆ ಎರಡು, ಒಟ್ಟು ಎಂಟು ಮಾಡ್ಯೂಲು. ಅಗಲ 128 ಸೆಂಟಿಮೀಟರ್, ಎತ್ತರ 32 ಸೆಂಟಿಮೀಟರ್. ಅಂಗಡಿಯ ಬಾಗಿಲ ಮೇಲೆ ಹೇಳಿ ಮಾಡಿಸಿದ ಅಳತೆ. ಈ 32 ಸಾಲಿನಲ್ಲಿ ಕನ್ನಡದ ಒತ್ತಿಗೆ ಏಳೆಂಟು ಚುಕ್ಕಿಗಳ ಎತ್ತರ ಸಿಗುತ್ತದೆ. ‘ಹಣ್ಣು’ ಹಣ್ಣಾಗಿಯೇ ಕಾಣುತ್ತದೆ.

ಹೆದ್ದಾರಿಯ ಬೋರ್ಡಿಗೆ ಇನ್ನೊಂದು ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ 100 ಮೀಟರನ್ನು 6 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಓಡುವ ಅಕ್ಷರಗಳ ಅರ್ಧ ವಾಕ್ಯವೂ ಓದಿ ಮುಗಿಯುವುದಿಲ್ಲ. ಅಲ್ಲಿ ನಿಂತ ಅಕ್ಷರವೇ ಮೇಲು, ಪದಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಎರಡನೆಯದು ವಿದ್ಯುತ್. ಅಲಂಕಾರಕ್ಕೆ ಬಳಸುವ ಪಿಕ್ಸೆಲ್ ಪಟ್ಟಿಯಿಂದಲೇ ಬೋರ್ಡು ಕಟ್ಟಬಹುದಲ್ಲ ಎಂದು ಹಲವರಿಗೆ ತೋಚುತ್ತದೆ. ಆ ಪಟ್ಟಿಯ ಒಂದೊಂದು ಚುಕ್ಕಿ ಪೂರ್ಣ ಬಿಳಿಯಾಗಿ ಉರಿದಾಗ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. 4096 ಚುಕ್ಕಿಗೆ ಅದು 245 ಆಂಪಿಯರ್ ಮೀರುತ್ತದೆ. ಅಂಗಡಿಗೆ ಒಗ್ಗುವ ಲೆಕ್ಕವಲ್ಲ. ಅಲ್ಲದೆ ಆ ಪಟ್ಟಿಯಲ್ಲಿ ಸೂಚನೆ ಒಂದು ಚುಕ್ಕಿಯಿಂದ ಮುಂದಿನದಕ್ಕೆ ಸಾಲಾಗಿ ಸಾಗಬೇಕು. ಒಂದೇ ತಂತಿಯಲ್ಲಿ ಇಷ್ಟು ಚುಕ್ಕಿ ಪೋಣಿಸಿದರೆ ಚಿತ್ರ ಸೆಕೆಂಡಿಗೆ ಎಂಟು ಸಲ ಮಾತ್ರ ಬದಲಾಗುತ್ತದೆ. ಮಾಡ್ಯೂಲಿನ ಉಪಾಯ ಬೇರೆ. ಪಿ-2.5 ಪರದೆಯಲ್ಲಿ ಯಾವುದೇ ಕ್ಷಣಕ್ಕೆ ಎರಡೇ ಸಾಲು ಉರಿಯುತ್ತಿರುತ್ತವೆ. ಸಾಲುಗಳು ಸರದಿಯಂತೆ ಅತಿ ವೇಗವಾಗಿ ಉರಿದು ಆರುವುದರಿಂದ ಕಣ್ಣಿಗೆ ಇಡೀ ಚಿತ್ರ ಒಟ್ಟಿಗೆ ಕಾಣುತ್ತದೆ. ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೆಗೆದಾಗ ಕಪ್ಪು ಪಟ್ಟಿಗಳು ಕಾಣುವುದು ಈ ಕಾರಣಕ್ಕೇ. ಹೀಗೆ ಸರದಿಯಲ್ಲಿ ಉರಿಯುವುದರಿಂದ ಪಿನ್‌ಬಾಲಿನ ಇಡೀ ಪರದೆಗೆ 5 ವೋಲ್ಟಿನ, 10 ಆಂಪಿಯರಿನ ಒಂದು ಸಪ್ಲೈ ಸಾಕು. ಆದರೆ ಸರದಿ ಉದ್ದವಾದಷ್ಟೂ ಬೆಳಕು ಕಡಿಮೆ. ಆದ್ದರಿಂದ ಬಿಸಿಲಿಗೆ ಒಡ್ಡುವ ಬೋರ್ಡಿಗೆ ಸರದಿ ಚಿಕ್ಕದಾಗಿರುವ, ಮಳೆಗೂ ತಡೆಯುವ ಹೊರಾಂಗಣ ಮಾಡ್ಯೂಲನ್ನೇ ಕೊಳ್ಳಬೇಕು.

ಬಣ್ಣದ ಕಥೆಯೂ ಇಲ್ಲಿಯೇ ಸೇರುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿದರು. ಪ್ರಖರವಾದ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಹಳೆಯ ಬೋರ್ಡುಗಳಲ್ಲಿ ಎಲ್ಲ ಬಣ್ಣಗಳೂ ಇರದಿದ್ದುದು ಯಾರ ಅಭಿರುಚಿಯಿಂದಲೂ ಅಲ್ಲ, ಪ್ರಖರವಾದ ನೀಲಿ ಇಲ್ಲದ್ದರಿಂದ. ಕೆಂಪು ಚುಕ್ಕಿ ಉರಿಯಲು ಸುಮಾರು 2 ವೋಲ್ಟ್ ಸಾಕು. ಹಸಿರು, ನೀಲಿಗೆ ಸುಮಾರು 3 ವೋಲ್ಟ್ ಬೇಕು. ಸಪ್ಲೈಯಿಂದ ದೂರದ ಮಾಡ್ಯೂಲಿಗೆ ಸಣ್ಣ ತಂತಿ ಎಳೆದರೆ ದಾರಿಯಲ್ಲೇ ವೋಲ್ಟೇಜು ಸೋರಿ, ಆ ತುದಿಯ ಬಿಳಿ ಬಣ್ಣ ಕೆಂಪಗೆ ಕಾಣುತ್ತದೆ. ಕಾವಿನ ಗುಣ ಇದಕ್ಕೆ ವಿರುದ್ಧ. ಬಿಸಿಯಾದಾಗ ಹೆಚ್ಚು ಮಂಕಾಗುವುದು ಕೆಂಪು ಚುಕ್ಕಿಯೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಗಾಳಿಯಾಡದ ಪೆಟ್ಟಿಗೆಯೊಳಗೆ ಬೋರ್ಡು ಮುಚ್ಚಿಟ್ಟರೆ ಕೆಂಪು ಬಾಳೆಹಣ್ಣಿನ ಚಿತ್ರದ ಕೆಂಪೇ ಮೊದಲು ಬಾಡುತ್ತದೆ. ಮಾಡ್ಯೂಲುಗಳ ಒಟ್ಟು ಆಂಪಿಯರ್ ಕೂಡಿಸಿ, ಅದಕ್ಕಿಂತ ಕಾಲು ಭಾಗ ಹೆಚ್ಚಿನ ಸಪ್ಲೈ ಕೊಳ್ಳುವುದು, ದಪ್ಪ ತಂತಿ ಎಳೆಯುವುದು, ಹಿಂಬದಿಗೆ ಗಾಳಿ ಬಿಡುವುದು. ಈ ಮೂರಕ್ಕೆ ಹಾಕಿದ ರೊಕ್ಕ ವ್ಯರ್ಥವಲ್ಲ.

ಮೂರನೆಯದು ಕಂಟ್ರೋಲರ್ ಕಾರ್ಡು, ಅಂದರೆ ಬೋರ್ಡಿನ ಮೆದುಳು. ಕನ್ನಡ ಸೋಲುವ ಇನ್ನೊಂದು ಜಾಗ ಇದು. ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸಂಕೇತ ಇದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಹಣ್ಣು’ ಎಂಬುದರಲ್ಲಿ ಐದು ಸಂಕೇತಗಳಿವೆ: ಹ, ಣ, ವಿರಾಮದ ಗುರುತು, ಮತ್ತೆ ಣ, ಕೊನೆಗೆ ಉಕಾರ. ಇವನ್ನು ಕೂಡಿಸಿ ಒತ್ತು ಕಟ್ಟುವ ಕೆಲಸ ಫೋನಿಗೆ, ಕಂಪ್ಯೂಟರಿಗೆ ಗೊತ್ತು. ಅಗ್ಗದ ಪುಟ್ಟ ಚಿಪ್ಪಿಗೆ ಗೊತ್ತಿಲ್ಲದಿರಬಹುದು. ಅದು ಐದನ್ನೂ ಸಾಲಾಗಿ ಬಿಡಿಬಿಡಿಯಾಗಿ ಇಟ್ಟುಬಿಡುತ್ತದೆ. ಪರಿಹಾರ ಸರಳ: ಅಕ್ಷರವನ್ನು ಫೋನಿನಲ್ಲೇ ಚಿತ್ರವಾಗಿಸಿ ಕಾರ್ಡಿಗೆ ಕಳಿಸುವುದು. ಚಿತ್ರ ಸ್ವೀಕರಿಸುವ ಕಾರ್ಡನ್ನೇ ಆರಿಸಿಕೊಂಡರೆ ಕನ್ನಡದ ಜೊತೆಗೆ ಉರ್ದುವನ್ನೂ ಬರೆಯಬಹುದು. ಕಲಬುರಗಿಯ ಪೇಟೆಗೆ ಎರಡೂ ಬೇಕು.

ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಕಾಯ್ದೆ ಅಳೆಯುವುದು ಜಾಗವನ್ನು. ಆ ಜಾಗದೊಳಗೆ ಒತ್ತಕ್ಷರ ಉಳಿಯಿತೋ ಅಳಿಯಿತೋ ಎಂಬುದನ್ನು ನಿರ್ಧರಿಸುವುದು ಬೋರ್ಡಿನ ಸಾಲುಗಳ ಲೆಕ್ಕ. ಓದಲು ಬಾರದ ಕನ್ನಡ ಶೇಕಡ ನೂರಿದ್ದರೂ ಗಿರಾಕಿಗೆ ಉಪಯೋಗವಿಲ್ಲ. ಎರಡು ದಿನ ನೋಡಿ ಅಂಗಡಿಯವರು ಇಂಗ್ಲಿಷಿಗೆ ತಿರುಗುತ್ತಾರೆ, ತಪ್ಪು ಮಾತ್ರ ಕನ್ನಡದ ಮೇಲೆ ಬೀಳುತ್ತದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಬ್ರಾಹ್ಮಿ ಅಕ್ಷರಗಳನ್ನು ವಿದ್ವಾಂಸರು ಓದಿದರು. ಎಲ್‌ಇಡಿ ಬೋರ್ಡು ಅಷ್ಟು ಕಾಲ ಬಾಳಬೇಕಿಲ್ಲ. ಉರಿಯುವಷ್ಟು ದಿನ ಓದಲು ಬಂದರೆ ಸಾಕು.

ಆದ್ದರಿಂದ ಬೋರ್ಡು ಮಾಡಿಸುವವರಿಗೆ ಒಂದೇ ಸಲಹೆ. ಮುಂಗಡ ಕೊಡುವ ಮೊದಲು, ನಿಮ್ಮ ಅಂಗಡಿಯ ಹೆಸರಿನ ಅತಿ ಕಠಿಣ ಅಕ್ಷರವನ್ನು ಬೋರ್ಡಿನ ಮೇಲೆ ಬರೆಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿ. ಓದಲು ಬಂದರೆ ಆಮೇಲೆ ರೊಕ್ಕದ ಮಾತು ಆಡಿ.