ಮರದ ಗುಣ, ಮೇಜಿನ ಬಾಳಿಕೆ

ಗೋಡೆಗೆ ತಾಗಿಸಿ ಇಡುವ ಉದ್ದನೆಯ, ಕಿರಿದಾದ ಮೇಜೇ ಕನ್ಸೋಲ್ ಟೇಬಲ್. ನಾಲ್ಕು ಕಾಲು, ಅವನ್ನು ಸೇರಿಸುವ ಅಡ್ಡಪಟ್ಟಿಗಳು, ಮೇಲೊಂದು ಹಲಗೆ, ಇಷ್ಟೇ ಅದರ ರಚನೆ. ಆದರೂ ಮರಗೆಲಸದ ವಿದ್ಯಾರ್ಥಿಗೆ ಬೇಕಾದ ಮೂಲಪಾಠಗಳೆಲ್ಲ ಇದರಲ್ಲಿವೆ.

ಮೊದಲನೆಯದು ಮರದ ಆಯ್ಕೆ. ತೇಗವಾಗಲಿ, ಹೊನ್ನೆಯಾಗಲಿ ಚೆನ್ನಾಗಿ ಒಣಗಿರಬೇಕು. ಹಸಿಮರ ಒಣಗುತ್ತಾ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಆಮೇಲೆ ಹತ್ತರಿ ಹೊಡೆದು ಒಂದು ಮುಖ, ಒಂದು ಅಂಚನ್ನು ನೇರ ಮಾಡಿ ಮೂಲೆಮಟ್ಟ ಹಿಡಿದು ನೋಡಬೇಕು. ಮುಂದಿನ ಅಳತೆಗಳೆಲ್ಲ ಅಲ್ಲಿಂದಲೇ.

ಜೋಡಣೆಗೆ ಕಾಲಿನಲ್ಲಿ ಉಳಿಯಿಂದ ಚೌಕತೂತು ಕೊರೆದು, ಪಟ್ಟಿಯ ತುದಿಯಲ್ಲಿ ಅದಕ್ಕೆ ಹೊಂದುವ ನಾಲಿಗೆ ಕೆತ್ತುತ್ತಾರೆ. ನಾಲಿಗೆಯ ದಪ್ಪ ಸಾಮಾನ್ಯವಾಗಿ ಪಟ್ಟಿಯ ದಪ್ಪದ 1/3 ಭಾಗ. ಕೊಡತಿಯ ಮೆಲುಪೆಟ್ಟಿಗೆ ಅದು ಕೂರಬೇಕು. ಬಿಗಿ ಹೆಚ್ಚಾದರೆ ಕಾಲು ಸೀಳುತ್ತದೆ, ಸಡಿಲವಾದರೆ ಮೇಜು ಅಲುಗುತ್ತದೆ.

ಮೇಲಿನ ಹಲಗೆಯನ್ನು ಚೌಕಟ್ಟಿಗೆ ಪೂರ್ತಿ ಅಂಟಿಸುವಂತಿಲ್ಲ. ಮಳೆಗಾಲದ ತೇವಕ್ಕೆ ಮರ ಅಗಲದಲ್ಲಿ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಅತ್ಯಲ್ಪ. ಅದಕ್ಕೆಂದೇ ಪಟ್ಟಿಯಲ್ಲಿ ಉದ್ದನೆಯ ತೂತು ಮಾಡಿ ಸ್ಕ್ರೂ ಹಾಕಿ, ಹಲಗೆಗೆ ಸರಿಯಲು ಜಾಗ ಬಿಡುತ್ತಾರೆ. ಕೊನೆಗೆ ಎಳೆಯ ದಿಕ್ಕಿನಲ್ಲೇ ಉಪ್ಪುಕಾಗದ ಉಜ್ಜಿ ಪಾಲಿಶ್ ಕೊಡುತ್ತಾರೆ.

ಮರವನ್ನು ಹಟದಿಂದ ಬಿಗಿದಿಟ್ಟರೆ ಅದು ಒಡೆಯುತ್ತದೆ. ವಸ್ತುವಿನ ಗುಣ ಅರಿತು ದುಡಿಯುವುದೇ ಯಾವ ಕಸುಬಿಗಾದರೂ ಮೊದಲ ಶಿಸ್ತು.