ನೀರು ಇಳಿದಾಗ ಕಾಣುವ ಗುಡಿ

ಗೋಕಾಕಕ್ಕೆ ಬಂದವರು ಫಾಲ್ಸ್ ನೋಡುತ್ತಾರೆ, ತೂಗುಸೇತುವೆ ದಾಟುತ್ತಾರೆ, ಕರದಂಟು ಕಟ್ಟಿಸಿಕೊಂಡು ಹೊರಡುತ್ತಾರೆ. ನಾವೂ ಅಷ್ಟೇ ನೋಡಿದವರು. ಹೋದ ಬೇಸಿಗೆಯ ಒಂದು ರವಿವಾರ ಮೂಡಲಗಿಯ ಗೆಳೆಯ ಬೈಕ್ ತಂದ. "ನಡಿಯಪಾ, ಹುಕ್ಕೇರಿ ಕಡೆ ಹೋಗೂಣು" ಅಂದ.

ಅಲ್ಲಿ 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿ. ಘಟಪ್ರಭಾ ನದಿ ತುಂಬಿದಾಗ ಗುಡಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮತ್ತೆ ಕಾಣುತ್ತದೆ.

ಬಿರುಕು ಬಿಟ್ಟ ರಾಡಿಯ ಮೇಲೆ ನಡೆದು ಹೋದೆವು. ಗೆಳೆಯ ದೂರದಲ್ಲೇ ಚಪ್ಪಲಿ ಬಿಟ್ಟ. ಕಂಬಕ್ಕೆ ಅಂಟಿದ ಒಣಮಣ್ಣನ್ನು ಅಂಗೈಯಿಂದ ಮೆಲ್ಲಗೆ ಸರಿಸಿದ. ಕಲ್ಲು ಇನ್ನೂ ತಣ್ಣಗಿತ್ತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಮಳಿ ಹಿಡಿಯೂದರೊಳಗ ಅವ್ವನ್ನ ಕರಕೊಂಡು ಬರಬೇಕು" ಅಂದ.