ಮಾತಿಗೆ ಮೊದಲು ದಾರಿ

ನಮ್ಮ ಬಂದ್ಯೋಡಿನಲ್ಲಿ ಮಕ್ಕಳು ಗಲ್ಫಿನಲ್ಲಿರುವ ಮನೆಗಳು ಬೇಕಾದಷ್ಟಿವೆ. ದುಬೈಯಿಂದ ಮಗ ಇಂಟರ್ನೆಟ್ ಕರೆಯಲ್ಲಿ ಮಾತಾಡ್ತಾನೆ. “ಅಮ್ಮಾ, ಆ ಮದ್ದು...” ಮುಂದೆ ಬರೇ ಕರಕರ ಶಬ್ದ. ತಗೊಳ್ಳಿ ಅಂದನೋ, ಬೇಡ ಅಂದನೋ?

ಒಳಗೆ ಮೊಮ್ಮಗ ಸಿನಿಮಾ ಇಳಿಸ್ತಾ ಇದ್ದಾನೆ. ಇಬ್ಬರಿಗೂ ಒಂದೇ ವೈಫೈ.

ಮಾತಿಗೆ ಬೇಕಾದ ಜಾಗ ಸಣ್ಣದು. ಸೆಕೆಂಡಿಗೆ 100 ಕಿಲೋಬಿಟ್ ಧಾರಾಳ ಸಾಕು. ಆದರೆ ಮಾತು ಕಾಯುವುದಿಲ್ಲ. ಸಿನಿಮಾ ಹತ್ತು ನಿಮಿಷ ತಡವಾದರೆ ಏನು ಹೋಯಿತು? ಮಾತು ಅರ್ಧ ಸೆಕೆಂಡು ತಡವಾದರೂ ಗೊಂದಲ.

ಹೆದ್ದಾರಿ 66ರಲ್ಲಿ ಆಂಬುಲೆನ್ಸಿಗೆ ಲಾರಿಗಳು ಬದಿ ಕೊಡುತ್ತವೆ. ರೂಟರಿನಲ್ಲಿಯೂ ಹಾಗೆ ಮಾಡಬಹುದು. ಹಲವು ರೂಟರುಗಳಲ್ಲಿ ‘ಕ್ಯೂಒಎಸ್’ ಎಂಬ ವ್ಯವಸ್ಥೆ ಇದೆ. ಅದರಲ್ಲಿ ನಿಮ್ಮ ಫೋನಿಗೆ ಮೊದಲ ಸ್ಥಾನ ಕೊಡಲು ವೈಫೈ ಹಾಕಿದವರಿಗೆ ಹೇಳಿ. ಅಲ್ಲಿವರೆಗೆ, ಫೋನು ಬಂದಾಗ ಮೊಮ್ಮಗನ ಸಿನಿಮಾ ನಿಲ್ಲಿಸಿ. ಮದ್ದಿನ ವಿಷಯ ಇನ್ನೊಮ್ಮೆ ಕೇಳಿ, ಬರೆದುಕೊಳ್ಳಿ.